ಬಿಸಿ ಇಳಿಸುವ ಜಾಗ

ಫ್ರಿಜ್ ಕೆಟ್ಟಿದೆಯೆಂದು ಕರೆದವರು ಮೊದಲು ಮಾಡುವ ಕೆಲಸ ಬಾಗಿಲು ತೆಗೆದು ಒಳಗೆ ತೋರಿಸುವುದು. ಹಾಲು ಒಡೆದಿದೆ, ಸೊಪ್ಪು ಬಾಡಿದೆ, ಐಸ್ ಕಟ್ಟುತ್ತಿಲ್ಲ. ನಾನು ಅದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಹಿಂಬದಿಗೆ ಹೋಗಿ, ಅಲ್ಲಿನ ಕಪ್ಪು ಸರಳುಗಳ ಜಾಲರಿಯ ಮೇಲೆ ಅಂಗೈ ಇಡುತ್ತಿದ್ದೆ. ಒಳಗಿನ ಬಿಸಿಯನ್ನು ಹೊತ್ತು ತಂದ ಅನಿಲ ಆ ಜಾಲರಿಯಲ್ಲಿ ಸುತ್ತಿ, ಬಿಸಿ ಇಳಿಸಿ, ದ್ರವವಾಗಬೇಕು. ಅದೇ ಕಂಡೆನ್ಸರ್. ಎಷ್ಟೋ ಮನೆಗಳಲ್ಲಿ ಕಾಯಿಲೆ ಇದ್ದದ್ದು ಅಲ್ಲೇ. ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸಿರುತ್ತಿದ್ದರು, ಸಂದಿಯಲ್ಲಿ ಹಳೇ ಪೇಪರು, ಪ್ಲಾಸ್ಟಿಕ್ ಚೀಲ ತುರುಕಿರುತ್ತಿದ್ದರು, ಮಳೆಗಾಲವಾದರೆ ಮಗುವಿನ ಬಟ್ಟೆ ಒಣಗಲು ಅದಕ್ಕೇ ನೇತುಹಾಕಿರುತ್ತಿದ್ದರು. ಈಗಿನ ಫ್ರಿಜ್ಜುಗಳಲ್ಲಿ ಜಾಲರಿ ಕಾಣುವುದಿಲ್ಲ, ಪಕ್ಕದ ತಗಡಿನ ಒಳಗೇ ಪೈಪು ಹೂತಿರುತ್ತದೆ. ಹೊಸದು ತಂದ ವಾರದಲ್ಲೇ, ಪಕ್ಕ ಬಿಸಿಯಾಗುತ್ತಿದೆ ಸಾರ್, ಪೀಸ್ ಖರಾಬ್ ಇರಬೇಕು ಎಂದು ಫೋನ್ ಬರುತ್ತಿತ್ತು. ಬಿಸಿಯಾಗದೇ ಹೋದ ದಿನ ಫೋನ್ ಮಾಡಿ ಎನ್ನುತ್ತಿದ್ದೆ.

ತಂಪು ಮಾಡುವ ಯಂತ್ರವೆಂದು ಜನ ಕರೆಯುವುದು ಬಿಸಿಯನ್ನು ಒಂದು ಕಡೆ ಎತ್ತಿ ಇನ್ನೊಂದು ಕಡೆ ಇಳಿಸುವ ಯಂತ್ರವನ್ನು. ಎತ್ತುವ ಕಡೆ ಹೇಗಿರಬೇಕೆಂದು ಕಂಪನಿಯವರು ತೀರ್ಮಾನಿಸಬಹುದು. ಇಳಿಸುವ ಕಡೆ ಮಾತ್ರ ಆಯಾ ಊರಿನ ಗಾಳಿ ನೀರಿನ ಕೈಯಲ್ಲಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಒಂದೇ ಜಿಲ್ಲೆ. ಬೆಳಿಗ್ಗೆ ಹೊರಟರೆ ನಾಲ್ಕೂ ಊರು ಸುತ್ತಿಕೊಂಡು ಕತ್ತಲಾಗುವುದರೊಳಗೆ ಮನೆಗೆ ಬರಬಹುದು. ಆದರೂ ಒಂದೇ ಕ್ಯಾಟಲಾಗಿನ ಕಂಡೆನ್ಸರುಗಳು ಇಲ್ಲಿ ಬೇರೆ ಬೇರೆ ಆಯುಸ್ಸು ಪಡೆದು ಬಂದಂತೆ ಬಾಳಿದ್ದನ್ನು ನನ್ನ ಕೆಲಸದ ವರ್ಷಗಳಲ್ಲಿ ನೋಡಿದ್ದೇನೆ.

ನಾನು ಕೆಲಸ ಕಲಿತದ್ದು ಹಾಸನದ ಆಲೂಗಡ್ಡೆಯ ದೆಸೆಯಿಂದ. ಐಟಿಐ ಮುಗಿಸಿ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಹೆಲ್ಪರ್ ಆಗಿ ಸೇರಿದೆ. ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗಡ್ಡೆ ಲಾರಿಗಟ್ಟಲೆ ಬರುತ್ತಿತ್ತು. ಮೇ ತಿಂಗಳಲ್ಲಿ ಎಪಿಎಂಸಿ ಯಾರ್ಡಿನಲ್ಲಿ ಮಾರಾಟ ಶುರುವಾಗುವವರೆಗೆ ಅದನ್ನು ಎರಡರಿಂದ ನಾಲ್ಕು ಡಿಗ್ರಿಯಲ್ಲಿ ಕಾಯಬೇಕು. ಬೀಜದ ಗಡ್ಡೆಗೆ ಜೀವ ಇರುತ್ತದೆ, ಉಸಿರಾಡುತ್ತದೆ, ಉಸಿರಾಡಿದಷ್ಟೂ ಬಿಸಿ ಹುಟ್ಟಿಸುತ್ತದೆ. ಮೂಟೆಗಳ ನಡುವೆ ಗಾಳಿ ಆಡದಿದ್ದರೆ ನಡುವಿನ ಮೂಟೆ ಕೊಳೆತು ಇಡೀ ಕೋಣೆ ನಾರುತ್ತದೆ. ಹೊರಗೆ ಬೇಸಿಗೆ ಏರುವ ತಿಂಗಳುಗಳಲ್ಲೇ ಒಳಗಿನ ಚಳಿ ಕಾಯಬೇಕಾದ್ದು ನಮ್ಮ ಹಣೆಬರಹ.

ಅಲ್ಲಿದ್ದದ್ದು ಅಮೋನಿಯಾ ಪ್ಲಾಂಟು. ಕಂಡೆನ್ಸರ್ ಇದ್ದದ್ದು ತಾರಸಿಯ ಮೇಲೆ. ಸಾಲಾಗಿ ಮೇಲಿಂದ ಕೆಳಕ್ಕೆ ಜೋಡಿಸಿದ ಕಬ್ಬಿಣದ ಪೈಪುಗಳು, ಮೇಲೊಂದು ದೋಣಿ, ದೋಣಿಯಿಂದ ಪೈಪುಗಳ ಮೈಮೇಲೆ ಹರಿಯುವ ನೀರು, ಕೆಳಗೆ ತೊಟ್ಟಿ, ತೊಟ್ಟಿಯಿಂದ ಮತ್ತೆ ಮೇಲಕ್ಕೆ ಪಂಪು. ಅಟ್ಮಾಸ್ಫೆರಿಕ್ ಕಂಡೆನ್ಸರ್ ಎಂದು ಅದರ ಹೆಸರು. ಈಗ ಅದನ್ನು ಹಾಕುವವರು ಕಡಿಮೆ, ತುಂಬ ಜಾಗ ತಿನ್ನುತ್ತದೆ. ಆದರೆ ಕಲಿಯುವ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮೇಲಿನ ಸಾಲಿನ ಪೈಪು ಮುಟ್ಟಲಾಗದಷ್ಟು ಬಿಸಿ, ಕೆಳಗಿನದು ಉಗುರುಬೆಚ್ಚಗೆ. ಅನಿಲ ಎಲ್ಲಿ ದ್ರವವಾಗಲು ಶುರುವಾಯಿತು ಎನ್ನುವುದನ್ನು ನಮ್ಮ ಮೇಸ್ತ್ರಿ ಕೈಯಲ್ಲಿ ಸವರಿಯೇ ಹೇಳುತ್ತಿದ್ದರು.

ಮೇಸ್ತ್ರಿ ನನಗೆ ಮೊದಲು ಕಲಿಸಿದ್ದು ಗೇಜು ಓದುವುದನ್ನು. ಡಿಸ್ಚಾರ್ಜ್ ಗೇಜಿನ ಮುಳ್ಳು 180 ಪೌಂಡಿನ ಆಸುಪಾಸಿನಲ್ಲಿದ್ದರೆ ಅಮೋನಿಯಾ ಸುಮಾರು 35 ಡಿಗ್ರಿಯಲ್ಲಿ ದ್ರವವಾಗುತ್ತಿದೆ ಎಂದರ್ಥ, ಟೀ ಕುಡಿಯಲು ಹೋಗಬಹುದು. 210 ಆಯಿತೆಂದರೆ 40 ಡಿಗ್ರಿ. ಅಲ್ಲಿಂದ ಮೇಲಕ್ಕೆ ಹೊರಟರೆ ಏಣಿ ಹತ್ತಬೇಕು. ಅಮೋನಿಯಾ ದ್ರವವಾಗುವ ಉಷ್ಣತೆ ಒಂದು ಡಿಗ್ರಿ ಮೇಲೇರಿದರೆ ಕಂಪ್ರೆಸರ್ ನೂರಕ್ಕೆ ಎರಡೋ ಮೂರೋ ಪಾಲು ಹೆಚ್ಚು ಕರೆಂಟು ತಿನ್ನುತ್ತದೆ. ಮಾಲೀಕರಿಗೆ ಆಲೂಗಡ್ಡೆಯ ರೇಟು ಬಾಯಲ್ಲಿದ್ದ ಹಾಗೆ ಮೇಸ್ತ್ರಿಗೆ ಈ ಲೆಕ್ಕ ಬಾಯಲ್ಲಿತ್ತು.

ಮುಳ್ಳು ಏರಿದೆ, ನೀರು ಚೆನ್ನಾಗಿಯೇ ಹರಿಯುತ್ತಿದೆ, ಪೈಪೂ ತಣ್ಣಗಿದೆ. ಹಾಗಾದರೆ ಒಳಗೆ ಗಾಳಿ ಸೇರಿದೆ. ಗಾಳಿ ಆ ಒತ್ತಡದಲ್ಲಿ ದ್ರವವಾಗುವ ಜಾತಿಯದಲ್ಲ, ಸುಮ್ಮನೆ ಜಾಗ ಹಿಡಿದು ಕೂರುತ್ತದೆ. ಅದನ್ನು ಓಡಿಸುವುದಕ್ಕೆ ಪರ್ಜ್ ಹೊಡೆಯುವುದು ಎನ್ನುತ್ತಿದ್ದೆವು. ಕಂಡೆನ್ಸರಿನ ಮೇಲ್ತುದಿಯ ವಾಲ್ವಿಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ ಇನ್ನೊಂದು ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ವಾಲ್ವನ್ನು ತುಸುವೇ ತೆಗೆಯಬೇಕು. ಗಾಳಿಯಾದರೆ ಗುಳುಗುಳು ಗುಳ್ಳೆ ಮೇಲೆ ಬರುತ್ತದೆ. ಅಮೋನಿಯಾ ಬಂದರೆ ಗುಳ್ಳೆ ನಿಲ್ಲುತ್ತದೆ, ನೀರಿನೊಳಗೆ ಚಟಚಟ ಸದ್ದಾಗುತ್ತದೆ. ನೀರು ಅದನ್ನು ಅಲ್ಲೇ ನುಂಗಿಬಿಡುತ್ತದೆ. ಸದ್ದು ಬದಲಾದ ಕ್ಷಣವೇ ವಾಲ್ವ್ ಮುಚ್ಚಬೇಕು. ಲೀಕು ಎಲ್ಲಿದೆಯೆಂದು ಹುಡುಕಲು ಗಂಧಕದ ಬತ್ತಿ ಹಚ್ಚಿ ಜಾಯಿಂಟುಗಳ ಹತ್ತಿರ ಹಿಡಿಯುತ್ತಿದ್ದೆವು. ಲೀಕಿದ್ದ ಕಡೆ ದಟ್ಟ ಬಿಳಿ ಹೊಗೆ ಏಳುತ್ತಿತ್ತು. ಇಷ್ಟು ವರ್ಷ ಕಳೆದರೂ ಯಾರಾದರೂ ಗಂಧಕ ಸುಟ್ಟರೆ ನನ್ನ ಕಣ್ಣು ಮೊದಲು ಪೈಪು ಹುಡುಕುತ್ತದೆ.

ಆಮೇಲೆ ನನಗೆ ಸಿಕ್ಕಿದ ಕೆಲಸ ಊರೂರು ಅಲೆಯುವುದು. ಹಾಲಿನ ಶೀತಲೀಕರಣ ಘಟಕಗಳು, ಐಸ್‌ಕ್ಯಾಂಡಿ ಫ್ಯಾಕ್ಟರಿಗಳು, ಆಸ್ಪತ್ರೆಗಳ ಎಸಿ. ಹಾಲಿನ ಲೆಕ್ಕವನ್ನೇ ಹೇಳುತ್ತೇನೆ, ಕಂಡೆನ್ಸರಿಗೆ ಯಾಕೆ ಇಷ್ಟು ಮರ್ಯಾದೆ ಕೊಡಬೇಕೆಂದು ಅದರಿಂದ ತಿಳಿಯುತ್ತದೆ. ಕರೆದ ಹಾಲು 35 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಅದನ್ನು 4 ಡಿಗ್ರಿಗೆ ಇಳಿಸಬೇಕು. ಸಾವಿರ ಲೀಟರಾದರೆ ಸುಮಾರು ಮೂವತ್ತು ಸಾವಿರ ಕಿಲೋಕ್ಯಾಲೊರಿ ಬಿಸಿ ಹೊರಗೆ ಹೋಗಬೇಕು. ಅದರ ಜೊತೆಗೆ ಕಂಪ್ರೆಸರ್ ಮಾಡಿದ ಕೆಲಸವೂ ಬಿಸಿಯಾಗಿ ಸೇರಿ, ಹೊರಗೆ ಇಳಿಸಬೇಕಾದ್ದು ಇನ್ನೂ ಕಾಲು ಪಾಲು ಹೆಚ್ಚು. ತಾರಸಿಯ ಕಂಡೆನ್ಸರಿನಲ್ಲಿ ಇದನ್ನು ಹೊತ್ತೊಯ್ಯುವುದು ಮುಖ್ಯವಾಗಿ ಆವಿಯಾಗುವ ನೀರು. ಲೆಕ್ಕ ಹಾಕಿದರೆ ಸಾವಿರ ಲೀಟರ್ ಹಾಲು ತಣಿಯಲು ಅರವತ್ತೈದು ಲೀಟರಿನಷ್ಟು ನೀರು ಆವಿಯಾಗಿ ಆಕಾಶಕ್ಕೆ ಹೋಗಬೇಕು. ನಂದಿನಿ ಪ್ಯಾಕೆಟ್ಟಿನ ಹಿಂದೆ ಹೀಗೆ ಕಾಣದೇ ಹೋದ ನೀರೂ ಇದೆ. ಹಾಸನದ ಡೈರಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗಲೆಲ್ಲ ನನ್ನ ತಲೆಯಲ್ಲಿ ಈ ಗುಣಾಕಾರ ಓಡುತ್ತಿತ್ತು.

ಚನ್ನರಾಯಪಟ್ಟಣಕ್ಕೆ ಬಂದರೆ ಈ ಲೆಕ್ಕ ಇನ್ನೊಂದು ಥರ. ಅದು ಬಯಲುಸೀಮೆಯ ಬದಿ, ಗಾಳಿ ಒಣ. ಮಾರ್ಚ್ ಮಧ್ಯಾಹ್ನ ಒಂದು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ, ಒಣ ಥರ್ಮಾಮೀಟರಿಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ತೋರಿಸುತ್ತದೆ. ನೀರು ಸುರಿಸುವ ಕಂಡೆನ್ಸರ್ ನೋಡುವುದು ಈ ಒದ್ದೆ ಬಟ್ಟೆಯ ಉಷ್ಣತೆಯನ್ನೇ. ಹಾಗಾಗಿ ಆ ಉರಿಬಿಸಿಲಿನಲ್ಲೂ ಅಲ್ಲಿ ಗೇಜು ಇಳಿದೇ ಇರಬೇಕಿತ್ತು. ಇಳಿಯುತ್ತಿರಲಿಲ್ಲ, ಕಾರಣ ಬೋರ್‌ವೆಲ್ ನೀರು. ಆವಿಯಾಗುವಾಗ ಹೋಗುವುದು ನೀರು ಮಾತ್ರ, ಸುಣ್ಣ ಪೈಪಿನ ಮೇಲೆ ಉಳಿಯುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಜಾಸ್ತಿ, ಆವಿ ಜಾಸ್ತಿಯಾದಷ್ಟೂ ಆ ಸುಣ್ಣದ ಪೊರೆ, ಅಂದರೆ ಸ್ಕೇಲ್, ಜಾಸ್ತಿ. ಒಂದು ಕೈಯಲ್ಲಿ ಕೊಟ್ಟದ್ದನ್ನು ಆ ಊರು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಿತ್ತು. ಟ್ಯೂಬುಗಳೊಳಗೆ ನೀರು ಹರಿಯುವ ಶೆಲ್ ಅಂಡ್ ಟ್ಯೂಬ್ ಕಂಡೆನ್ಸರಿನ ಮುಚ್ಚಳ ಬಿಚ್ಚಿದರೆ ಟ್ಯೂಬಿನ ಬಾಯಿ ಕಿರಿದಾಗಿ ಒಳಗೆಲ್ಲ ಬಿಳಿ ಪೊರೆ. ಉದ್ದದ ಸರಳಿಗೆ ತಂತಿ ಬ್ರಷ್ ಕಟ್ಟಿ ಒಂದೊಂದೇ ಟ್ಯೂಬಿಗೆ ಹೊಡೆಯಬೇಕು. ಅದಕ್ಕೂ ಜಗ್ಗದಿದ್ದರೆ ನೀರು ಬೆರೆಸಿದ ಆಸಿಡ್ ಹಾಯಿಸಬೇಕು, ನೊರೆ ಏಳುವುದು ನಿಲ್ಲುವವರೆಗೆ ಕಾಯಬೇಕು. ಆಸಿಡ್ಡಿಗೆ ಸುಣ್ಣ ಯಾವುದು ಕಬ್ಬಿಣ ಯಾವುದು ಎಂಬ ಭೇದ ಕಡಿಮೆ. ಸ್ವಲ್ಪ ಹೊತ್ತು ಮರೆತರೆ ಟ್ಯೂಬನ್ನೂ ತಿನ್ನುತ್ತದೆ.

ತೊಟ್ಟಿಯ ನೀರನ್ನು ಆಗಾಗ ಒಂದಿಷ್ಟು ಹೊರಗೆ ಬಿಟ್ಟು ಹೊಸ ನೀರು ತುಂಬಬೇಕು, ಆಗ ಸುಣ್ಣ ದಪ್ಪಗಾಗುವುದಿಲ್ಲ ಎಂದು ಎಲ್ಲ ಕಡೆ ಹೇಳುತ್ತಿದ್ದೆ. ಅರಕಲಗೂಡಿನಲ್ಲಿ ಹೇಳಿದರೆ ಆಯ್ತು ಎನ್ನುತ್ತಿದ್ದರು. ಚನ್ನರಾಯಪಟ್ಟಣದ ಐಸ್‌ಕ್ಯಾಂಡಿ ಫ್ಯಾಕ್ಟರಿಯ ಯಜಮಾನರು ನನ್ನ ಮುಖವನ್ನೇ ನೋಡಿದರು.

"ನೀರು ಚೆಲ್ಲು ಅಂತೀಯಲ್ಲಪ್ಪ, ಟ್ಯಾಂಕರ್‌ನೋನಿಗೆ ದುಡ್ಡು ನೀನು ಕೊಡ್ತೀಯಾ?"

ಅವರ ಮಾತಿಗೆ ನನ್ನ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಅವರೇ ತಾರಸಿಯ ಮಳೆನೀರನ್ನು ಸಂಪಿಗೆ ಇಳಿಸಿ, ಅದನ್ನು ಮನೆಗೆ ಕೊಡದೆ ಕಂಡೆನ್ಸರಿಗೆ ಮೀಸಲಿಟ್ಟರು. ಹೆಂಡತಿಯ ಬೈಗುಳ ಬೇರೆ ಲೆಕ್ಕ.

ಅದೇ ತಾಲ್ಲೂಕಿನಲ್ಲಿ ನಾನು ನೋಡಿದ ಅತಿ ದೊಡ್ಡ ಕಂಡೆನ್ಸರೂ ಇದೆ. ಗೊರೂರಿನ ಹೇಮಾವತಿ ಅಣೆಕಟ್ಟಿನ ಎಡದಂಡೆ ನಾಲೆ ಬಾಗೂರು–ನವಿಲೆ ಸುರಂಗದ ಕಡೆಗೆ ಹಾಯುವ ಸೀಮೆ ಅದು. ಶ್ರೀನಿವಾಸಪುರದಲ್ಲಿ ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆ. ಒಬ್ಬ ಗೆಳೆಯ ಒಳಗೆ ಕರೆದುಕೊಂಡು ಹೋಗಿದ್ದ. ಸಕ್ಕರೆ ಪಾಕವನ್ನು ಮನೆಯ ಬಾಣಲೆಯಲ್ಲಿ ಕುದಿಸುವಂತೆ ಕುದಿಸಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ವ್ಯಾಕ್ಯೂಮ್ ಪ್ಯಾನ್. ಒಳಗಿನ ಒತ್ತಡ ಇಳಿಸಿದರೆ ಪಾಕ 65–70 ಡಿಗ್ರಿಗೇ ಕುದಿಯುತ್ತದೆ. 1813ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ ಕಂಡುಕೊಂಡ ಉಪಾಯ ಇದು. ಹಾಗಾದರೆ ಆ ನಿರ್ವಾತ ಹುಟ್ಟುವುದೆಲ್ಲಿ? ಪಂಪು ಎಳೆಯುವುದು ಉಳಿಕೆ ಗಾಳಿಯನ್ನಷ್ಟೇ. ದೊಡ್ಡ ಕೆಲಸ ಮಾಡುವುದು ಕಟ್ಟಡದ ನೆತ್ತಿಯಲ್ಲಿ ಕೂತ ಕಂಡೆನ್ಸರ್. ಪ್ಯಾನಿನಿಂದ ಬಂದ ಆವಿಯ ಮೇಲೆ ಅಲ್ಲಿ ತಣ್ಣೀರಿನ ಮಳೆ ಬೀಳುತ್ತದೆ. ಕೋಣೆ ತುಂಬುವಷ್ಟಿದ್ದ ಆವಿ ಒಂದು ಹಿಡಿ ನೀರಾಗಿ ಕುಸಿಯುತ್ತದೆ, ಖಾಲಿಯಾದ ಆ ಜಾಗವೇ ನಿರ್ವಾತ. ಟ್ಯೂಬಿಲ್ಲ, ಗೋಡೆಯಿಲ್ಲ, ಆವಿ ನೀರು ಎರಡೂ ನೇರ ಬೆರೆತುಬಿಡುತ್ತವೆ.

ಬಿಸಿಯಾದ ಆ ನೀರು ಉದ್ದನೆಯ ಪೈಪಿನಲ್ಲಿ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಪೈಪಿನ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿರುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಆ ಪೈಪಿನಲ್ಲಿ ಒಂದು ಎತ್ತರದವರೆಗೆ ತಾನೇ ಎತ್ತಿ ಹಿಡಿಯುತ್ತದೆ, ಅದಕ್ಕಿಂತ ಮೇಲಕ್ಕೆ ಎತ್ತಲು ಅದಕ್ಕೆ ತಾಕತ್ತಿಲ್ಲ. ಸಮುದ್ರಮಟ್ಟದಲ್ಲಿ ಆ ಎತ್ತರ 10.3 ಮೀಟರ್. ಕಂಡೆನ್ಸರನ್ನು ಅದಕ್ಕಿಂತ ಮೇಲೆ ಕೂರಿಸಿದರೆ ತೊಟ್ಟಿಯ ನೀರು ಹಿಂದಕ್ಕೆ ನುಗ್ಗಿ ಪಾಕಕ್ಕೆ ಬೀಳುವ ಭಯವಿಲ್ಲ. ಬ್ಯಾರೊಮೆಟ್ರಿಕ್ ಕಂಡೆನ್ಸರ್ ಎಂಬ ಹೆಸರು ಬಂದದ್ದು ಇದರಿಂದಲೇ.

ನಮ್ಮ ಸೀಮೆ ಸಮುದ್ರಮಟ್ಟದಿಂದ ಎಂಟೊಂಬತ್ತು ನೂರು ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು 27 ಅಂಗುಲ ಪಾದರಸ, ಕರಾವಳಿಯಲ್ಲಿ 30 ಅಂಗುಲದ ಹತ್ತಿರ. ಕರಾವಳಿಯಲ್ಲಿ ಮುದ್ರಿಸಿದ ಪುಸ್ತಕ ವ್ಯಾಕ್ಯೂಮ್ ಗೇಜು 26 ತೋರಿಸಬೇಕು ಎಂದರೆ ಇಲ್ಲಿ 23 ತೋರಿಸಿದರೂ ಒಳಗಿನ ಸ್ಥಿತಿ ಒಂದೇ. ಗೇಜು ಅಳೆಯುವುದು ಹೊರಗಿಗೂ ಒಳಗಿಗೂ ಇರುವ ಅಂತರವನ್ನು ತಾನೆ. ಅವತ್ತು ಪ್ಯಾನಿನ ಮುಂದೆ ನಿಂತಿದ್ದ ಹಿರಿಯರಿಗೆ ನಾನು ಉತ್ಸಾಹದಿಂದ ಇದನ್ನು ವಿವರಿಸಲು ಹೋದೆ. ಅವರು ಪ್ಯಾನಿನಿಂದ ಪಾಕದ ಮಾದರಿ ತೆಗೆದು ಗಾಜಿನ ತುಂಡಿನ ಮೇಲೆ ಸವರಿ ದೀಪಕ್ಕೆ ಹಿಡಿದು ಹರಳು ನೋಡುತ್ತಿದ್ದರು.

"ಗೇಜು ಅದರ ಪಾಡಿಗೆ ಇರಲಿ ಸಾರ್, ಕಾಳು ನೋಡಿ ಹೆಂಗೆ ಬಂದವೆ" ಎಂದರು.

ಗಾಜಿನ ಮೇಲೆ ಚಿಕ್ಕ ಚಿಕ್ಕ ಕಾಳು ಒಂದೇ ಅಳತೆಯಲ್ಲಿ ಹೊಳೆಯುತ್ತಿದ್ದವು. ನಾನು ಬಾಯಿ ಮುಚ್ಚಿಕೊಂಡೆ.

ಕಬ್ಬಿನ ತೂಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರೇ. ಅದನ್ನೆಲ್ಲ ಓಡಿಸಲು ಸೌದೆ ಸುಡುತ್ತ ಕೂತರೆ ಕಾರ್ಖಾನೆ ಮುಳುಗಿದಂತೆ. ಮೊದಲನೇ ಪಾತ್ರೆಯಲ್ಲಿ ಎದ್ದ ಆವಿಯನ್ನು ಎರಡನೇ ಪಾತ್ರೆ ಕಾಯಿಸಲು, ಅದರ ಆವಿಯನ್ನು ಮೂರನೆಯದಕ್ಕೆ ಬಳಸುತ್ತಾರೆ. ಅಂದರೆ ಒಂದು ಪಾತ್ರೆಯ ಒಲೆ ಹಿಂದಿನ ಪಾತ್ರೆಯ ಕಂಡೆನ್ಸರ್. ಅಮೆರಿಕದ ನ್ಯೂ ಆರ್ಲಿಯನ್ಸಿನ ನೊರ್ಬರ್ಟ್ ರಿಲ್ಯೂ 1840ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದ. ನಾನು ಎಲ್ಲೆಲ್ಲೂ ಬಿಸಿಯನ್ನು ಊರಾಚೆ ಎಸೆಯುವ ದಾರಿ ಹುಡುಕುತ್ತಿದ್ದವನು. ಎಸೆಯುವ ಮೊದಲು ಮೂರ್ನಾಲ್ಕು ಸಲ ದುಡಿಸಿಕೊಳ್ಳುವವರನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಹೊಳೆನರಸೀಪುರ ನನ್ನ ಅಜ್ಜಿಯ ಊರು. ಮೈಸೂರು–ಅರಸೀಕೆರೆ ಮೀಟರ್‌ಗೇಜ್ ಲೈನಿನಲ್ಲಿ ಹೊಗೆ ಬಿಡುವ ಎಂಜಿನ್ ಓಡಾಡುತ್ತಿದ್ದ ಕಾಲ. ಸ್ಟೇಷನ್ನಿಗೆ ಹೋಗಿ ನಿಲ್ಲುವುದೇ ನಮಗೆ ಬೇಸಿಗೆ ರಜೆ. ಬಹಳ ವರ್ಷದ ಮೇಲೆ, ಕಂಡೆನ್ಸರ್ ಓದಿದ ಮೇಲೆ, ಆ ಎಂಜಿನ್ನಿನ ಢಬ್ ಢಬ್ ಸದ್ದಿನ ಅರ್ಥ ತಿಳಿಯಿತು. ಕೆಲಸ ಮುಗಿಸಿದ ಆವಿಯನ್ನು ಚಿಮಣಿಯಲ್ಲಿ ಹೊರಗೆ ಊದುವ ಸದ್ದು ಅದು. ಹಾಗೆ ಊದಿದಾಗ ಬೆಂಕಿಗೆ ಗಾಳಿ ಸೆಳೆಯುತ್ತದೆ, ಅದೊಂದು ಲಾಭ. ನೀರು ಮಾತ್ರ ಹೋಯಿತು. ಅದಕ್ಕೇ ಅರಸೀಕೆರೆಯಂಥ ದೊಡ್ಡ ಸ್ಟೇಷನ್ ಬಂತೆಂದರೆ ಎಂಜಿನ್ನಿಗೆ ನೀರು ಕುಡಿಸಬೇಕು. ಜೇಮ್ಸ್ ವಾಟ್ 1765ರಲ್ಲಿ ಬೇರೆಯದೇ ಕಂಡೆನ್ಸರ್ ಇಡುವ ಉಪಾಯ ಕಂಡುಕೊಂಡು, 1769ರಲ್ಲಿ ಪೇಟೆಂಟ್ ಪಡೆದು, ಉಗಿಯಂತ್ರದ ಹಣೆಬರಹ ಬದಲಿಸಿದ ಎಂದು ಶಾಲೆಯಲ್ಲಿ ಓದುತ್ತೇವೆ. ರೈಲೆಂಜಿನ್ನಿನಲ್ಲಿ ಅವನ ಕಂಡೆನ್ಸರೇ ಇಲ್ಲ. ಹೊತ್ತು ತಿರುಗಲು ಅದು ತೀರ ಭಾರ. ಕಂಡೆನ್ಸರ್ ಹೊತ್ತ ರೈಲೆಂಜಿನ್ನುಗಳೂ ಇದ್ದವು. ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ನೀರು ಸಿಗದೆ, 1950ರ ದಶಕದಲ್ಲಿ ಕ್ಲಾಸ್ 25 ಎಂಬ ಎಂಜಿನ್ನುಗಳಿಗೆ ಎಂಜಿನ್ನಿನಷ್ಟೇ ಉದ್ದದ ಕಂಡೆನ್ಸರ್ ಟೆಂಡರ್ ಕಟ್ಟಿ ಓಡಿಸಿದರು. ಹೇಮಾವತಿ ದಂಡೆಯ ಊರಿಗೆ ಆ ತಾಪತ್ರಯ ಬೇಕಿರಲಿಲ್ಲ.

ಅದೇ ಊರಿನಲ್ಲಿ ಒಂದು ಬ್ಯಾಟರಿ ಅಂಗಡಿ. ಟ್ರ್ಯಾಕ್ಟರು, ಲಾರಿ ಬ್ಯಾಟರಿಗಳಿಗೆ ಬೇಕಾದ ಡಿಸ್ಟಿಲ್ಡ್ ವಾಟರನ್ನು ಅವರೇ ಇಳಿಸುತ್ತಿದ್ದರು. ಕಾಲೇಜಿನ ಲ್ಯಾಬಿನಿಂದ ಬಂದಂತಿದ್ದ ಗಾಜಿನ ಕೊಳವೆ, ಕೊಳವೆಯ ಸುತ್ತ ಇನ್ನೊಂದು ಗಾಜಿನ ಕೊಳವೆ, ನಡುವೆ ತಣ್ಣೀರು. ಲೀಬಿಗ್ ಕಂಡೆನ್ಸರ್ ಎಂದು ಪಿಯುಸಿ ಓದಿದವರಿಗೆಲ್ಲ ಗೊತ್ತು. ಮಾಡಿದವನು ಲೀಬಿಗ್ ಅಲ್ಲ, 1771ರಲ್ಲೇ ವೈಗೆಲ್ ಎಂಬ ಇನ್ನೊಬ್ಬ ಜರ್ಮನ್ ಇದನ್ನು ಬರೆದಿಟ್ಟಿದ್ದ. ಲೀಬಿಗ್ ಹೆಚ್ಚು ಶಿಷ್ಯರಿದ್ದ ಮೇಷ್ಟ್ರು, ಹೆಸರು ಅವನದಾಯಿತು. ನೀರನ್ನು ಕೆಳಗಿನ ತುದಿಯಿಂದ ಬಿಟ್ಟು ಮೇಲಿನ ತುದಿಯಿಂದ ಹೊರಗೆ ತೆಗೆಯಬೇಕು, ಆಗಲೇ ಹೊರಕೊಳವೆ ಪೂರ್ತಿ ತುಂಬುವುದು. ಒಂದು ಲೀಟರ್ ಇಳಿಸಲು ಇಪ್ಪತ್ತೈದು ಮೂವತ್ತು ಲೀಟರ್ ತಣ್ಣೀರು ಹರಿದುಹೋಗುತ್ತದೆ. ಆ ಅಂಗಡಿಯ ಅಣ್ಣ ಬೆಚ್ಚಗಾಗಿ ಹೊರಬಂದ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಸಂಜೆ ಮನೆಗೆ ಒಯ್ದು ಸ್ನಾನ ಮಾಡುತ್ತಿದ್ದ. ಸಕ್ಕರೆ ಕಾರ್ಖಾನೆಯವರ ಬುದ್ಧಿ ಅವನಿಗೂ ಇತ್ತು.

ಹಳ್ಳಿಯ ಕಳ್ಳಭಟ್ಟಿಯವರಿಗೆ ಗಾಜೂ ಬೇಕಿರಲಿಲ್ಲ. ಬೆಲ್ಲ, ಮರದ ಚಕ್ಕೆ ಹಾಕಿ ಕೊಳೆಸಿದ್ದನ್ನು ಒಲೆಯ ಮೇಲಿಟ್ಟು, ಮೇಲೊಂದು ಪಾತ್ರೆ, ಅದರ ಮೇಲೆ ತಣ್ಣೀರಿನ ಪಾತ್ರೆ. ತಣ್ಣೀರಿನ ತಳಕ್ಕೆ ಬಡಿದ ಆವಿ ಹನಿಯಾಗಿ ಒಳಗಿಟ್ಟ ಕುಡಿಕೆಗೆ ಬೀಳುತ್ತದೆ. ಮೇಲಿನ ನೀರು ಬಿಸಿಯಾದಾಗಲೆಲ್ಲ ಬದಲಿಸಬೇಕು. ಒಬ್ಬ ಅಜ್ಜ ನನಗೆ ಹೇಳಿದ ಪ್ರಕಾರ ಗಂಟೆ ಯಾರೂ ನೋಡುತ್ತಿರಲಿಲ್ಲ, ಎಷ್ಟನೇ ನೀರು ಎಂದು ಎಣಿಸುತ್ತಿದ್ದರು. ಮೊದಲ ನೀರಿಗೆ ಇಳಿದದ್ದು ಖಡಕ್, ಆಮೇಲಾಮೇಲೆ ಸಪ್ಪೆ. ರಾಜ್ಯದಲ್ಲಿ 2007ರಲ್ಲಿ ಅಂಗಡಿಯ ಸಾರಾಯಿಯೇ ನಿಂತಿತು. ಭಟ್ಟಿಯ ಸುದ್ದಿ ಮಾತ್ರ ಆಗಾಗ ಪೇಪರಿನಲ್ಲಿ ಬರುತ್ತಲೇ ಇದೆ. ಇದೇ ವಿದ್ಯೆ ಮರ್ಯಾದಸ್ಥ ರೂಪದಲ್ಲಿ ಮೈಸೂರು ಸಂಸ್ಥಾನಕ್ಕೆ ಹಣ ತಂದಿತು. ಗಂಧದ ಚಕ್ಕೆಗೆ ಉಗಿ ಹಾಯಿಸಿ, ಎಣ್ಣೆ ಹೊತ್ತು ಬಂದ ಉಗಿಯನ್ನು ಕಂಡೆನ್ಸರಿನಲ್ಲಿ ಇಳಿಸಿದರೆ ನೀರು ಎಣ್ಣೆ ಬೇರೆಯಾಗುತ್ತವೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಮಾಡಿದ ಪ್ರಯೋಗಗಳ ಬೆನ್ನಿಗೆ 1916ರಲ್ಲಿ ಬೆಂಗಳೂರಿನಲ್ಲೂ 1917ರಲ್ಲಿ ಮೈಸೂರಿನಲ್ಲೂ ಗಂಧದೆಣ್ಣೆ ಕಾರ್ಖಾನೆ ಶುರುವಾದವು. ಅಲ್ಲಿಯವರೆಗೆ ನಮ್ಮ ಗಂಧದ ಮರ ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು, ಮಹಾಯುದ್ಧ ಆ ದಾರಿ ಮುಚ್ಚಿತ್ತು. ಹಾಸನದಲ್ಲಿ ಗಂಧದ ಕೋಠಿ ಎಂಬ ಹೆಸರಿನ ಆವರಣ ಈಗಲೂ ಇದೆ. ಅಲ್ಲಿ ಈಗ ಹೆಣ್ಣುಮಕ್ಕಳ ಕಾಲೇಜು.

ಗಾಳಿಯೂ ನೀರೂ ಎರಡೂ ಇಲ್ಲದ ಕಡೆ ಏನು ಮಾಡುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಾಸನದಲ್ಲೇ, ಸಾಲಗಾಮೆ ರಸ್ತೆಯಲ್ಲಿ. 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಅಲ್ಲಿದೆ, ನಾವು ಎಂಸಿಎಫ್ ಎನ್ನುತ್ತೇವೆ. ಅಲ್ಲಿ ನಿವೃತ್ತರಾದವರೊಬ್ಬರ ಮನೆಯ ಎಸಿ ನೋಡಲು ಹೋದಾಗ ಮಾತು ಕಂಡೆನ್ಸರಿಗೆ ತಿರುಗಿತು. ಸಂಪರ್ಕ ಉಪಗ್ರಹದ ಉಪಕರಣಗಳು ಬಿಸಿಯಾಗುತ್ತವೆ. ಅಲ್ಲಿ ಬಳಸುವ ಹೀಟ್ ಪೈಪ್ ಎಂಬುದು ಎರಡೂ ಕಡೆ ಮುಚ್ಚಿದ ಅಲ್ಯೂಮಿನಿಯಂ ಕೊಳವೆ, ಒಳಗೋಡೆಯಲ್ಲಿ ಸಣ್ಣ ಸಣ್ಣ ಗೀರು, ಒಂದಿಷ್ಟು ದ್ರವ. ಉಪಕರಣದ ಕಡೆ ದ್ರವ ಆವಿಯಾಗುತ್ತದೆ. ಉಪಗ್ರಹದ ಉತ್ತರ ದಕ್ಷಿಣ ಮುಖಗಳಲ್ಲಿರುವ ಫಲಕದ ಕಡೆ ಹೋಗಿ ಮತ್ತೆ ದ್ರವವಾಗುತ್ತದೆ. ಗೀರುಗಳೇ ಅದನ್ನು ಹೀರಿ ವಾಪಸು ತರುತ್ತವೆ. ಕಂಪ್ರೆಸರ್ ಇಲ್ಲ, ಪಂಪಿಲ್ಲ, ನಟ್ಟು ಬೋಲ್ಟು ಬಿಚ್ಚಲು ಅಲ್ಲಿಗೆ ಹೋಗುವ ನನ್ನಂಥವನೂ ಇಲ್ಲ. ಫಲಕ ಆ ಬಿಸಿಯನ್ನು ಕತ್ತಲ ಆಕಾಶಕ್ಕೆ ವಿಕಿರಣವಾಗಿ ಬಿಡುತ್ತದೆ. ಒಳಗಿನ ದ್ರವ ಯಾವುದು ಸಾರ್ ಎಂದೆ. ಅಮೋನಿಯಾ ಎಂದರು. ಆಲೂಗಡ್ಡೆ ಗೋದಾಮಿನ ತಾರಸಿಯಲ್ಲಿ ನನ್ನ ಕಣ್ಣಲ್ಲಿ ನೀರು ತರಿಸುತ್ತಿದ್ದ ಅದೇ ಅಮೋನಿಯಾ!

ಇನ್ನು ಅರಕಲಗೂಡು. ಅಲ್ಲಿ ಕಂಡೆನ್ಸರ್ ಅಂದರೆ ಜನರ ಕಣ್ಣ ಮುಂದೆ ಬರುವುದು ಕರೆಂಟಿನದು. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಂಡೆನ್ಸರ್ ಕೇಳಿದರೆ, ಫ್ಯಾನಿಂದೋ ಮೋಟ್ರಿಂದೋ ಎಂದು ಕೇಳುತ್ತಾರೆ. ಕೆಪಾಸಿಟರ್ ಎಂದವನನ್ನು ಹೊರಗಿನವನೆಂದು ತಿಳಿಯುತ್ತಾರೆ. ಫ್ಯಾನಿನದು ಎರಡೂವರೆ ಮೈಕ್ರೋಫ್ಯಾರಡಿನ ಚಿಕ್ಕ ಡಬ್ಬಿ, ಮುದಿಯಾದರೆ ಫ್ಯಾನು ನಿಧಾನವಾಗುತ್ತದೆ, ಕೈಯಲ್ಲಿ ತಳ್ಳಿ ಶುರುಮಾಡಬೇಕಾಗುತ್ತದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ನನ್ನ ಸವಾರಿ. ಅದರ ಮ್ಯಾಗ್ನೆಟ್ಟಿನ ಮುಚ್ಚಳದೊಳಗೂ ಬೆರಳಿನ ತುದಿಯಷ್ಟು ಕಂಡೆನ್ಸರ್. ಪಾಯಿಂಟ್ ತೆರೆದುಕೊಂಡಾಗ ಹಾರಬೇಕಾದ ಕಿಡಿಯನ್ನು ಅದು ತಾನು ಹೀರಿಕೊಳ್ಳುತ್ತದೆ, ಕಾಯಿಲಿನ ಕರೆಂಟು ಥಟ್ಟನೆ ನಿಲ್ಲುತ್ತದೆ, ಆಗಲೇ ಪ್ಲಗ್ಗಿಗೆ ಸಾವಿರಾರು ವೋಲ್ಟಿನ ಕಿಡಿ. ಪಾಯಿಂಟಿನಲ್ಲೇ ದೊಡ್ಡ ನೀಲಿ ಕಿಡಿ ಕಂಡರೆ ಕಂಡೆನ್ಸರ್ ಸತ್ತಿದೆ ಎಂದು ತಿಳಿ. ಕೊಣನೂರು, ರಾಮನಾಥಪುರದ ಕಡೆ ಹೋಗುವಾಗ ಟೂಲ್ ಬಾಕ್ಸಿನಲ್ಲಿ ಒಂದು ಸ್ಪೇರ್ ಇಲ್ಲದೆ ನಾನು ಹೊರಟದ್ದಿಲ್ಲ.

ರೈತರ ಕಂಡೆನ್ಸರ್ ಕಥೆ ಬೇರೆ. ಮೂರು ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತು ಮನೆಯ ದೀಪಕ್ಕೆ ಮಾತ್ರ ಬರುತ್ತದೆ. ಪಂಪಿನದು ಮೂರು ಫೇಸಿನ ಮೋಟರು, ಅರ್ಧಂಬರ್ಧ ಕರೆಂಟಿಗೆ ತಿರುಗುವುದಿಲ್ಲ. ಎಣ್ಣೆ ತುಂಬಿದ ಕಂಡೆನ್ಸರುಗಳನ್ನು ಜೋಡಿಸಿ, ಇಲ್ಲದ ಮೂರನೇ ಫೇಸನ್ನು ಇದ್ದ ಹಾಗೆ ನಂಬಿಸಿದರೆ ತಿರುಗುತ್ತದೆ. ವಿದ್ಯುತ್ತಿನ ಏರಿಳಿತವನ್ನು ಕಂಡೆನ್ಸರ್ ಒಂದಿಷ್ಟು ಮುಂದೆ ಸರಿಸುತ್ತದೆ, ಮೋಟರಿಗೆ ಅಷ್ಟೇ ಸಾಕು. ಪೂರ್ತಿ ಶಕ್ತಿ ಬರುವುದಿಲ್ಲ, ವೈಂಡಿಂಗ್ ಬಿಸಿಯಾಗುತ್ತದೆ, ಊರಿನ ಟ್ರಾನ್ಸ್‌ಫಾರ್ಮರ್ ನರಳುತ್ತದೆ. ಎಲ್ಲರೂ ಹಾಗೆ ಮಾಡಿದ ರಾತ್ರಿ ಅದು ಸುಟ್ಟೂ ಹೋಗುತ್ತದೆ. ಇದನ್ನು ತಪ್ಪೆಂದು ಹೇಳುವುದು ನನಗೆ ಸುಲಭ. ಒಣಗುವ ಶುಂಠಿ ನನ್ನದಲ್ಲ.

ಸರಿಯಾದ ರೀತಿಯಲ್ಲಿ ಹಾಕಬೇಕಾದ ಕಂಡೆನ್ಸರೂ ಒಂದಿದೆ. ಐದು ಎಚ್‌ಪಿ ಮೋಟರಿಗೆ ಎರಡು ಕೆವಿಎಆರಿನ ಡಬ್ಬಿ ಹಾಕಿದರೆ ತಂತಿಯಲ್ಲಿ ವ್ಯರ್ಥ ಓಡಾಡುವ ಕರೆಂಟು ಇಳಿದು, ವೋಲ್ಟೇಜು ಸುಧಾರಿಸುತ್ತದೆ, ಮೋಟರು ಸುಡುವುದು ಕಡಿಮೆಯಾಗುತ್ತದೆ. ಅದನ್ನು ಹಾಕುವವರು ಮಾತ್ರ ಕಡಿಮೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಬಿಟ್ಟಿ. ಬಿಲ್ಲೇ ಬರದವನಿಗೆ ಉಳಿತಾಯದ ಲೆಕ್ಕ ಹೇಳಿದರೆ ಕೇಳುತ್ತಾನೆಯೇ? ಇದರ ಲಾಭ ಒಬ್ಬ ಹಾಕಿದರೆ ಹಾಕಿದವನಿಗೆ ಅಷ್ಟಾಗಿ ಕಾಣುವುದಿಲ್ಲ, ಲೈನಿನಲ್ಲಿ ಎಲ್ಲರೂ ಹಾಕಬೇಕು. ನಮ್ಮ ಹಳ್ಳಿಗಳಲ್ಲಿ ಕೆರೆ ಹೂಳೆತ್ತಲು ಎಲ್ಲರೂ ಸೇರಿದ್ದನ್ನು ನೋಡಿದ್ದೇನೆ, ಕಂಡೆನ್ಸರಿಗೆ ಸೇರಿದ್ದನ್ನು ನೋಡಿಲ್ಲ.

ಒಂದು ಬೇಸಿಗೆಯಲ್ಲಿ ಅರಕಲಗೂಡಿನಾಚೆಯ ಹಳ್ಳಿಯ ಹಾಲಿನ ಸೊಸೈಟಿಗೆ ಹೋಗಿದ್ದೆ. ಅಲ್ಲಿನ ಕೂಲರಿನದು ಫ್ಯಾನ್ ಗಾಳಿಯಲ್ಲಿ ತಣಿಯುವ ಕಂಡೆನ್ಸರ್. ಚನ್ನರಾಯಪಟ್ಟಣದ ಸುಣ್ಣದ ಕಾಟ ಇದಕ್ಕಿಲ್ಲ, ಆದರೆ ರೆಕ್ಕೆಗಳ ಸಂದಿ ಧೂಳು, ಹೊಟ್ಟು, ಜೇಡರ ಬಲೆಯಿಂದ ಕಂಬಳಿಯಂತೆ ಮುಚ್ಚಿತ್ತು. ಬ್ರಷ್ ಹೊಡೆದು, ಒಳಮುಖಕ್ಕೆ ನೀರು ಹಾಯಿಸಿ, ಬಾಗಿದ ರೆಕ್ಕೆ ನೆಟ್ಟಗೆ ಮಾಡುವಷ್ಟರಲ್ಲಿ ಕಂಡೆನ್ಸರ್ ಸರಿಮಾಡೋನು ಬಂದಿದಾನೆ ಎಂದು ಊರಿಗೆಲ್ಲ ಸುದ್ದಿಯಾಯಿತು. ತೋಟದಿಂದ ಒಬ್ಬರು ಉಬ್ಬಿಕೊಂಡ ಎರಡು ಡಬ್ಬಿ ಹೊತ್ತು ತಂದರು. ಬಿಸಿಲಿಗೆ, ಏರಿದ ವೋಲ್ಟೇಜಿಗೆ ಒಳಗಿನ ಎಣ್ಣೆ ಕುದ್ದು ತಳ ಉಬ್ಬಿತ್ತು. ತಂತಿ ಬಿಚ್ಚಿ ತಂದಿದ್ದರು, ಬರಿಗೈಯಲ್ಲಿ. ಕರೆಂಟು ತೆಗೆದ ಮೇಲೂ ಇದರಲ್ಲಿ ಕರೆಂಟು ಉಳಿದಿರುತ್ತದೆ, ಎರಡು ತುದಿಗೂ ಬಲ್ಬು ಹಿಡಿದು ಖಾಲಿ ಮಾಡಿಯೇ ಮುಟ್ಟಬೇಕು ಗೌಡ್ರೇ ಎಂದೆ.

"ಅದು ಗೊತ್ತು ಬಿಡಪ್ಪ. ನಮ್ಮ ಹುಡುಗನಿಗೆ ಹೊಡೆದು ಗೊತ್ತಾಯ್ತು" ಎಂದು ನಕ್ಕರು. ಆಮೇಲೆ ಡಬ್ಬಿಗಳನ್ನು ಜಗಲಿಯ ಮೇಲಿಟ್ಟು, "ಹೊಸದು ಪೇಟೇಲಿ ಎಷ್ಟಂತೆ? ಜೋಡಿ ತಗೊಂಡ್ರೆ ಏನಾದ್ರೂ ಕಮ್ಮಿ ಮಾಡ್ತಾರಾ? ನೀನು ಬಂದು ಕೇಳಿದ್ರೆ ಮಾಡ್ತಾರೆ, ನಡಿ, ಬೈಕಲ್ಲೇ ಹೋಗಿಬರೋಣ" ಎಂದು ನನಗಿಂತ ಮುಂಚೆ ಯೆಜ್ಡಿಯ ಹಿಂದಿನ ಸೀಟು ಒರೆಸತೊಡಗಿದರು.